ಅಜ್ಜಿ ಹಾರಿದ ಮಳೆಗಾಲ

ಮೊನ್ನೆ ಭಾನುವಾರ ಮಾಗಡಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಮಟನ್ ಅಂಗಡಿಯ ಮುಂದೆ ಒಬ್ಬ ಕುರಿಯ ತಲೆಯನ್ನು ಗ್ಯಾಸಿನ ಉರಿಗೆ ಹಿಡಿದು ಸುಡುತ್ತಿದ್ದ. ತುಪ್ಪಟ ಚುರುಚುರು ಸುರುಟಿಕೊಂಡು ಕರಿಯ ಸಣ್ಣ ಗಂಟುಗಳಾಗಿ ಉದುರುತ್ತಿತ್ತು. ನಮ್ಮ ಮನೆಯಲ್ಲಿ ಮಾಂಸ ತಿನ್ನುವವರಿಲ್ಲ. ಆ ವಾಸನೆ ಬಂದರೆ ನಮ್ಮವರು ಮೂಗು ಮುಚ್ಚಿಕೊಂಡು ರಸ್ತೆ ದಾಟುತ್ತಾರೆ. ನಾನು ಹತ್ತಿರ ಹೋದೆ. ಇನ್ನೂ ಹತ್ತಿರ ಹೋಗಿ ಎದೆತುಂಬ ಎಳೆದುಕೊಂಡೆ.

"ತಲೆ ಕೊಡ್ಲಾ ಸಾ, ಕಾಲು ಕೊಡ್ಲಾ?" ಎಂದ ಅಂಗಡಿಯವನು.

ಏನೂ ಬೇಡವೆಂದು ಕೈಯಾಡಿಸಿದೆ. ಅವನಿಗೆ ಹೇಗೆ ಹೇಳುವುದು? ನನ್ನ ಮೂಗಿಗೆ ಸುಟ್ಟ ಉಣ್ಣೆ ಎಂದರೆ ವಿಮಾನ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಶೀಟಿನ ಶೆಡ್ಡಿನಲ್ಲಿ ವಿಮಾನದ ಸೀಟಿನ ಬಟ್ಟೆಗೆ ಬೆಂಕಿ ಇಡುವ ಕೆಲಸ ಮಾಡುತ್ತಿದ್ದೆ. ಹೇಳಿಕೊಳ್ಳಲು ಅದಕ್ಕೆ ಗುಣಮಟ್ಟ ಪರೀಕ್ಷೆ ಎಂಬ ಹೆಸರಿತ್ತು. ಬಟ್ಟೆಯಿಂದ ಒಂದು ಪಟ್ಟಿ ಕತ್ತರಿಸಬೇಕು, ಗಾಜಿನ ಪೆಟ್ಟಿಗೆಯೊಳಗೆ ನೇತುಹಾಕಬೇಕು, ಕೆಳಗಿನಿಂದ ಉರಿ ತೋರಿಸಿ ತೆಗೆಯಬೇಕು. ಬಟ್ಟೆ ತಾನಾಗಿ ಆರಿಹೋದರೆ ಪಾಸು, ಉರಿಯುತ್ತಲೇ ಹೋದರೆ ಫೇಲು. ವಿಮಾನದ ಸೀಟಿನ ಒಳ್ಳೆಯ ಬಟ್ಟೆಯಲ್ಲಿ ಹೆಚ್ಚಿನ ಪಾಲು ಉಣ್ಣೆ ಇರುತ್ತದೆ. ಉಣ್ಣೆ ನಾರುತ್ತದೆ, ಸುರುಟುತ್ತದೆ, ಆದರೆ ಹೊತ್ತಿಕೊಂಡು ಓಡುವುದಿಲ್ಲ.

ಹಳೆಯದನ್ನೆಲ್ಲ ಇಸ್ತ್ರಿ ಹಾಕಿದಂತೆ ಸುಕ್ಕಿಲ್ಲದೆ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನನ್ನೂ ನಂಬುವುದಿಲ್ಲ. ಗಟ್ಟಿಯಾಗಿ ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತೇನೆ. ಗೊತ್ತಿಲ್ಲದ ಕಡೆ ನಿಲ್ಲುತ್ತೇನೆ.

ಶೆಡ್ಡಿನ ಯಜಮಾನರು ನಾಗರಾಜಣ್ಣ, ಇದು ಗಟ್ಟಿ. ರಾಮನಗರದಲ್ಲಿ ಆಟೋ ಸೀಟು, ಟೂರಿಸ್ಟ್ ಬಸ್ಸಿನ ಸೀಟು ಹೊಲಿದು ಮೇಲೆ ಬಂದವರು. ಯಾರ ಯಾರ ಬೆನ್ನು ಬಿದ್ದೋ ಸರ್ಕಾರದ ವಿಮಾನ ಕಂಪನಿಯ ಹಳೇ ಸೀಟುಗಳಿಗೆ ಹೊದಿಕೆ ಹೊಲಿಯುವ ಕೆಲಸ ಹಿಡಿದಿದ್ದರು. ಆ ಕಂಪನಿಯದು ಆಗ ಉಸಿರು ಬಿಗಿಹಿಡಿದ ಬದುಕು. ಮೈತುಂಬ ಸಾಲ, ಸಂಬಳ ತಡ, ಪೇಪರಿನಲ್ಲಿ ದಿನಾ ಮಾರಾಟದ ಸುದ್ದಿ. ಹೊಸ ವಿಮಾನ ಕೊಳ್ಳುವ ತ್ರಾಣವಿಲ್ಲ, ಇದ್ದವಕ್ಕೆ ವಯಸ್ಸು. ಒಂದು ಕೆಟ್ಟು ನಿಂತರೆ ಅದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ ಹಾರಿಸುವುದು. ಹಾಗೆ ಬಿಚ್ಚಿಸಿಕೊಂಡು ಬಿಚ್ಚಿಸಿಕೊಂಡು ಬೆಂಗಳೂರಿನ ನಿಲ್ದಾಣದ ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಒಂದು ವಿಮಾನದ ಅಷ್ಟೂ ಸೀಟುಗಳು ಲಾರಿ ತುಂಬಿಕೊಂಡು ನಮ್ಮಲ್ಲಿಗೆ ಬಂದವು.

ಲಾರಿಯ ಹಿಂದೆಯೇ ಪ್ರಭಾಕರ್ ಬಂದರು. ಕಂಪನಿಯ ಎಂಜಿನಿಯರು, ನಿವೃತ್ತಿಗೆ ಹತ್ತಿರವಾದವರು. ಅವರು ಕೆಲಸಕ್ಕೆ ಸೇರಿದ ವರ್ಷವೇ ಆ ವಿಮಾನವೂ ಹೊಸದಾಗಿ ಬಂದಿತ್ತಂತೆ. ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ನೋಡಿ, ಮಾರಾಟಕ್ಕೆ ಮುಂಚೆ ಯಾವ ವಿಮಾನ ಹಾರ್ತಿದೆ, ಯಾವುದು ನಿಂತಿದೆ ಅಂತ ನೋಡೋದಕ್ಕೆ ಬರ್ತಾರೆ. ಅವತ್ತಿಗೆ ಇದು ಹಾರ್ತಿರಬೇಕು. ನಿಂತಿದ್ರೆ ಗುಜರಿಗೆ. ಎಂಜಿನ್ ನನಗೆ ಬಿಡಿ. ಸೀಟು ನಿಮ್ಮದು."

"ಏಟು ವಯಸ್ಸಾಯ್ತು ಸಾ ಇದ್ಕೆ?" ಎಂದು ಕೆಂಪಮ್ಮ ಕೇಳಿದರು.

"ಈ ಹುಡುಗಿಗಿಂತ ದೊಡ್ಡದು" ಎಂದು ಪ್ರಭಾಕರ್ ರತ್ನನ ಕಡೆ ಕೈ ತೋರಿಸಿದರು.

ರತ್ನ ನಮ್ಮ ಶೆಡ್ಡಿನ ಅತಿ ಚಿಕ್ಕ ಟೈಲರು, ಬಾಯಿ ಮಾತ್ರ ದೊಡ್ಡದು. "ನನ್ಗಿಂತ ದೊಡ್ಡದಾ? ಹಂಗಾರೆ ವಿಮಾನದ ಜಾತೀಲಿ ಅಜ್ಜಿ ಅನ್ನಿ" ಎಂದಳು. ಅವತ್ತಿನಿಂದ ಆ ವಿಮಾನಕ್ಕೆ ಬೇರೆ ಹೆಸರು ಇರಲಿಲ್ಲ.

ಕೆಂಪಮ್ಮ ಹೊಲಿಗೆಯವರಿಗೆಲ್ಲ ಹಿರಿಯರು. ತವರು ಗುಡೇಮಾರನಹಳ್ಳಿ, ಕೊಟ್ಟಿದ್ದು ಹಾರೋಹಳ್ಳಿ ಪಕ್ಕದ ಊರಿಗೆ. ಎರಡೂ ಕಡೆ ಕುರಿ ಸಾಕುವ ಮನೆ. ಗಂಡ ಕುರಿ ಹಿಂದೆ, ಇವರು ಮೆಶಿನ್ ಹಿಂದೆ. ಪ್ರಭಾಕರ್ ಎದ್ದು ಹೊರಡುವಾಗ ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟರು: "ಸಾ, ಅಜ್ಜಿ ಹಾರೋವಾಗ ನಾನೂ ಕುಂತ್ಕಬೋದಾ?"

ಶೆಡ್ಡು ನಕ್ಕಿತು. ಪ್ರಭಾಕರ್ ನಗಲಿಲ್ಲ. "ಅದು ಹಾರಿದ್ರೆ ನೀವೂ ಹಾರ್ತೀರಮ್ಮ" ಎಂದರು.

ಮುಗಿಯಿತು. ಆ ಗಳಿಗೆಯಿಂದ ಕೆಂಪಮ್ಮನಿಗೆ ಬೇರೆ ಏನೂ ಬೇಡವಾಯಿತು. ಹಬ್ಬಕ್ಕೆ ರಜೆ ಬೇಡ, ಊಟಕ್ಕೆ ಬಿಡುವು ಬೇಡ. ಹಾರಬೇಕು. ಊರಿಗೆಲ್ಲ ಹೇಳಿಕೊಂಡು ಬಂದರು. ಅವರ ಭಾವ ದಿನಾ ಬೆಳಗ್ಗೆ ವ್ಯಾನು ಬರುವ ಹೊತ್ತಿಗೆ ಜಗಲಿಯ ಮೇಲಿಂದ, "ಏನವ್ವ, ರೆಕ್ಕೆ ಮೊಳೀತಾ? ಬೆನ್ನು ತೋರ್ಸು ನೋಡ್ಮ" ಎನ್ನುತ್ತಿದ್ದನಂತೆ. ಇವರು ವ್ಯಾನು ಹತ್ತಿ, "ಮೊಳೀತಾ ಐತೆ ಕಣ್ ಭಾವ, ಒಸಿ ತಡಿ" ಎನ್ನುತ್ತಿದ್ದರಂತೆ. ಇದನ್ನು ನಾನು ಕೇಳಿದ್ದಲ್ಲ, ರತ್ನ ಅಭಿನಯಿಸಿ ತೋರಿಸಿದ್ದು. ಅವಳ ಅಭಿನಯದಲ್ಲಿ ಭಾವನಿಗೆ ದಿನಕ್ಕೊಂದು ಹೊಸ ಮೀಸೆ.

ಸೀಟು ಬಿಚ್ಚುವುದೇ ಒಂದು ಹಬ್ಬ. ಕೈಯಿಡುವ ಜಾಗದೊಳಗೆ ಬೂದಿ ಉದುರಿಸುವ ಪುಟ್ಟ ಡಬ್ಬಿ! ಆಕಾಶದಲ್ಲಿ ಜನ ಸಿಗರೇಟು ಸೇದುತ್ತಿದ್ದ ಕಾಲದ್ದು. ದಿಂಬಿನ ಸಂದಿಯಲ್ಲಿ ಹೇರ್‌ಪಿನ್ನು, ಯಾವುದೋ ದೇಶದ ಚಿಲ್ಲರೆ, ಕಲ್ಲಾದ ಚೂಯಿಂಗ್ ಗಮ್ಮು, ಜಪಮಣಿ, ಮಗುವಿನ ಒಂದೇ ಕಾಲಿನ ಸಾಕ್ಸು. ಒಂದು ಸೀಟಿನಲ್ಲಿ ಹಲ್ಲು ಸಿಕ್ಕಿತು, ಕಟ್ಟಿಸಿದ ಹಲ್ಲು. "ಅಜ್ಜೀದೇ ಇರ್ಬೇಕು" ಎಂದಳು ರತ್ನ.

ಮೊದಲ ಪೆಟ್ಟು ಬಟ್ಟೆಯಿಂದ ಬಿತ್ತು. ಕಂಪನಿಯ ಮೇಲಿನವರು ಎಲ್ಲಿಂದಲೋ ಅಗ್ಗದ ಥಾನುಗಳನ್ನು ಕಳಿಸಿದರು. ನೋಡಲು ಚೆಂದ, ಕಡುನೀಲಿ, ಮುಟ್ಟಿದರೆ ಜಾರುವ ನುಣುಪು. ಪಟ್ಟಿ ಕತ್ತರಿಸಿ ಉರಿ ತೋರಿಸಿದೆ. ಭಗ್ಗೆಂದಿತು. ಉರಿ ತೆಗೆದರೂ ನಿಲ್ಲಲಿಲ್ಲ. ಕರಗಿ, ಉರಿಯುವ ಹನಿಯಾಗಿ ಕೆಳಗೆ ತೊಟ್ಟಿಕ್ಕಿತು.

"ಇನ್ನೊಂದ್ಸಲ ಇಕ್ಕು ಶಿವು" ಎಂದರು ನಾಗರಾಜಣ್ಣ.

ಇಕ್ಕಿದೆ. ಭಗ್.

"ಬೇರೆ ಥಾನಲ್ಲಿ ಇಕ್ಕ್ಲಾ!"

ಭಗ್.

ಪ್ರಭಾಕರ್ ಬಂದು ನೋಡಿ ದಿಂಬಿಲ್ಲದ ಸೀಟಿನ ಕಂಬಿಗಳ ಮೇಲೆ ಹಾಗೆಯೇ ಕುಳಿತರು. ಉಣ್ಣೆಯ ಬಟ್ಟೆ ತರಿಸಿಕೊಡಿ ಎಂದರೆ, "ಅದಕ್ಕೆ ದುಡ್ಡು ಯಾರು ಕೊಡ್ತಾರೆ?" ಎಂದರು. ಕೆಂಪಮ್ಮ ಆ ನೀಲಿ ಬಟ್ಟೆಯ ಸುಟ್ಟ ತುದಿಯನ್ನು ಮೂಸಿ, "ಥೂ, ಪ್ಲಾಸ್ಟಿಕ್ ಬಿಂದ್ಗೆ ಸುಟ್ಟಂಗೈತೆ. ಇದ್ರ ಮ್ಯಾಲೆ ಜನ ಕುಂತ್ಕಬೇಕಾ?" ಎಂದು ಎಸೆದರು.

ಇಲ್ಲಿ ನಿಲ್ಲಬೇಕು. ಹಳೇ ಹೊದಿಕೆಗಳನ್ನೇ ಬಿಚ್ಚಿ, ತೊಳೆದು, ಒಳಮೈ ಹೊರಗೆ ಬರುವಂತೆ ತಿರುವಿ ಹೊಲಿಯೋಣ ಎಂದು ಮೊದಲು ಹೇಳಿದವರು ಯಾರು? ನಾಗರಾಜಣ್ಣನ ಪ್ರಕಾರ ನಾಗರಾಜಣ್ಣ: ಮದುವೆ ದಿನಗಳು ಬರುವ ಮುಂಚೆ ಟೂರಿಸ್ಟ್ ಬಸ್ಸಿನ ಬಟ್ಟೆ ಸೀಟುಗಳನ್ನು ಅವರು ಹಾಗೇ ಹೊಸದು ಮಾಡುತ್ತಿದ್ದರು. ಕೆಂಪಮ್ಮನ ಪ್ರಕಾರ ಕೆಂಪಮ್ಮ: ಅವತ್ತು ಅವರು ತೊಟ್ಟಿದ್ದ ರವಿಕೆಯೇ ತಿರುವಿ ಹೊಲಿದದ್ದಂತೆ. ಬೈರಾಪಟ್ಟಣದಲ್ಲಿ ನಮ್ಮ ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಗೆಲ್ಲ ಕೇಳುವಂತೆ ಅದು ನನ್ನದೇ ಉಪಾಯ ಎಂದು ನಾನು ಹೇಳಿದ್ದೇನೆ. ಹೇಳುವಾಗ ನಂಬಿಯೂ ಇದ್ದೆ. ಯಾರದಾದರೂ ಆಗಲಿ. ಒಳಮೈಗೆ ಬಿಸಿಲು ತಾಕಿರಲಿಲ್ಲ. ತಿರುವಿದರೆ ದಾಳಿಂಬೆ ಹೂವಿನ ಬಣ್ಣ, ಮೊನ್ನೆ ನೇಯ್ದಂತೆ!

ಪಟ್ಟಿ ಸುಟ್ಟವನು ನಾನು, ಇದು ಗಟ್ಟಿ. ತೊಳೆದು ಒಣಗಿಸಿದ ತುಂಡನ್ನು ನೇತುಹಾಕಿದೆ. ಉರಿ ತಾಕಿತು. ಸುರುಟಿತು, ನಾರಿತು. ಉರಿ ತೆಗೆದೆ. ಗಾಜಿನ ಸುತ್ತ ಅಷ್ಟೂ ಜನರ ಮೂಗು.

"ಆರ್ತು!" ಕೆಂಪಮ್ಮ ಕಿರುಚಿದರು. "ನಮ್ ಕಂಬ್ಳಿ ಹಂಗೇ ಆರ್ತು ನೋಡ್ರವ್ವ!"

ಪ್ರಭಾಕರ್ ನಂಬಲಿಲ್ಲ. ಇನ್ನೊಂದು ಸೀಟಿನ ತುಂಡು. ಆರಿತು. ಕೊನೆಯ ಸಾಲಿನದು. ಆರಿತು. ಒಗೆದು ಒಗೆದು ತೆಳುವಾದದ್ದು. ಅದೂ ಆರಿತು. ಶೆಡ್ಡು ಥೇಟ್ ಮಾಗಡಿಯ ಮಟನ್ ಅಂಗಡಿ. ಅರ್ಧ ಜನ ಸೆರಗು ಮೂಗಿಗೆ ಒತ್ತಿಕೊಂಡಿದ್ದಾರೆ, ಅರ್ಧ ಜನಕ್ಕೆ ಹಸಿವು. ನಾಗರಾಜಣ್ಣ ಮಾತ್ರ ಊದುಬತ್ತಿ ಹಚ್ಚಿ ಪೆಟ್ಟಿಗೆಗೆ ಬೆಳಗುತ್ತಿದ್ದರು.

ಆಮೇಲೆ ಒಗೆತ. ಆ ವರ್ಷ ಮಳೆ ಹೇಳದೆ ಕೇಳದೆ ಬರುತ್ತಿತ್ತು. ಶೆಡ್ಡಿನ ಹಿಂದಿನ ಬಂಡೆಯೊಂದೇ ಒಣಗಿಸುವ ಜಾಗ. ಬಿಸಿಲು ಬಿದ್ದ ಕೂಡಲೇ ಹೊತ್ತುಕೊಂಡು ಓಡಿ ಹಾಸುವುದು, ಹನಿ ಬಿದ್ದ ಕೂಡಲೇ ಬಾಚಿಕೊಂಡು ಓಡಿಬರುವುದು. ಬಂಡೆಯ ತುಂಬ ಸಾಲುಸಾಲು ದಾಳಿಂಬೆ ಬಣ್ಣದ ಬೆನ್ನುಗಳು. ದೂರದಿಂದ ನೋಡಿದರೆ ಬಂಡೆಯೇ ಎಲ್ಲಿಗೋ ಹೊರಟು ಪ್ರಯಾಣಿಕರಿಗೆ ಕಾಯುತ್ತಿರುವಂತೆ. ಒಂದು ಮಧ್ಯಾಹ್ನ ಕೆಂಪಮ್ಮನ ಗಂಡ ಮಂದೆ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದರು. ನಾವು ಊಟ ಮುಗಿಸಿ ನೋಡಿದರೆ ಮುಂದಿನ ಸಾಲಿನ ಅಗಲವಾದ ಹೊದಿಕೆಯ ಮೇಲೆ ಕೊಂಬಿನ ಟಗರು ಕಾಲು ಮಡಚಿ ಮಲಗಿದೆ.

"ಕೆಂಪಕ್ಕಾ, ನಿಮ್ ಟಗರು ಬಿಸಿನೆಸ್ ಕ್ಲಾಸಲ್ಲಿ ಕುಂತೈತೆ!"

"ಎಬ್ಬಿಸ್ಬ್ಯಾಡ ಕಣೆ ರತ್ನ, ಅದ್ರ ಉಣ್ಣೆ ವಾಪಸ್ ಕೇಳಾಕ್ ಬಂದೈತೆ."

ಹೊಲಿಗೆ ಶುರುವಾದ ಮೇಲೆ ಇನ್ನೊಂದು ಗಲಾಟೆ. ಹೊಲಿದ ಹೊದಿಕೆಗಳೆಲ್ಲ ಒಂದೇ ಗುಡ್ಡೆಯಲ್ಲಿ ಬೆರೆತು ನನ್ನ ಮೇಜಿಗೆ ಬರುತ್ತಿದ್ದವು. ಒಂದು ಸೊಟ್ಟಗಿದ್ದರೆ ನಾನು ಎಲ್ಲರಿಗೂ ಬೈಯುತ್ತಿದ್ದೆ. ಕೆಂಪಮ್ಮನಿಗೆ ಅದು ಸರಿಹೋಗಲಿಲ್ಲ. ಕುರಿ ಸಾಕುವವರು ಬೇರೆಯವರ ಮಂದೆಯಲ್ಲಿ ಬೆರೆತರೂ ತಿಳಿಯಲಿ ಎಂದು ತಮ್ಮ ಕುರಿಯ ಕಿವಿಗೆ ಗುರುತಿನ ಕಚ್ಚು ಹಾಕುತ್ತಾರೆ. ಕೆಂಪಮ್ಮ ಸೀಟಿನ ಹಿಂದಿನ ಜೇಬಿನ ಒಳ ಅಂಚಿನಲ್ಲಿ, ಯಾರಿಗೂ ಕಾಣದಂತೆ, ಹಳದಿ ದಾರದಲ್ಲಿ ಕಚ್ಚಿನ ಆಕಾರದ ಪುಟ್ಟ ಹೊಲಿಗೆ ಹಾಕಿದರು. ಮಾರನೆಯ ದಿನ ರತ್ನನದು ಹಸಿರು. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಣ್ಣ.

ಪ್ರಭಾಕರ್ ಜೇಬಿಗೆ ಕೈಹಾಕಿ ನೋಡುವ ಮನುಷ್ಯ. ಸಿಕ್ಕಿಬಿತ್ತು. "ಇದೇನಿದು? ನಕ್ಷೆಯಲ್ಲಿ ಇಲ್ಲದ ಒಂದು ಹೊಲಿಗೆಯೂ ವಿಮಾನದೊಳಗೆ ಹೋಗೋ ಹಾಗಿಲ್ಲ!"

"ಗುರ್ತು ಸಾ. ನಮ್ ಕುರೀಗೆ ಕಿವಿ ಕಚ್ಚು ಹಾಕಲ್ವಾ, ಹಂಗೆ."

"ಇದು ಕುರಿಯಲ್ಲ ಕೆಂಪಮ್ಮ, ವಿಮಾನದ ಸೀಟು!"

"ಅದ್ಕೇ ಸಾ, ಕತ್ತರಿಸ್ಲಿಲ್ಲ. ಬರೀ ಒಲ್ದೆ."

ಎಲ್ಲವನ್ನೂ ಬಿಚ್ಚಬೇಕೆಂದು ಅಪ್ಪಣೆಯಾಯಿತು. ಎರಡು ದಿನ ಬಿಟ್ಟು ಬಿಚ್ಚಿದ್ದೀವಿ ಎಂದರು. ಗುಡ್ಡೆಯ ಮೇಲಿನ ಕೆಲವನ್ನು ತೆಗೆದು ನೋಡಿದೆವು, ಇರಲಿಲ್ಲ. ಸೀಟುಗಳು ಲಾರಿ ಹತ್ತಿದವು. ನಮ್ಮ ಬಿಲ್ಲು ಕಂಪನಿಯ ಯಾವುದೋ ಮೇಜಿನ ಮೇಲೆ ಹೋಗಿ ಮಲಗಿತು, ನಾಗರಾಜಣ್ಣನ ಬ್ಯಾಂಕ್ ಸಾಲದ ಕಂತು ಮಾತ್ರ ಮಲಗಲಿಲ್ಲ. ಸ್ವಲ್ಪ ದಿನಕ್ಕೆ ಪ್ರಭಾಕರ್ ಓಡೋಡಿ ಬಂದರು. ಕೈಯಲ್ಲಿ ಟಿಕೆಟ್! ಅಜ್ಜಿಯ ಮೊದಲ ಹಾರಾಟ, ಬೆಂಗಳೂರಿನಿಂದ ಕೊಚ್ಚಿಗೆ, ಸಂಜೆ ವಾಪಸ್. ಶೆಡ್ಡಿನವರಿಗೆಲ್ಲ.

"ಬ್ಯಾಂಕ್ನೋರು ಟಿಕೆಟ್ ಇಸ್ಕಂತಾರಾ ಸಾರ್, ಕಂತಿಗೆ?" ಎಂದು ಗೊಣಗಿದ ನಾಗರಾಜಣ್ಣ, ಹೊರಡುವ ದಿನ ಜರಿ ಅಂಚಿನ ಪಂಚೆ ಉಟ್ಟು ಎಲ್ಲರಿಗಿಂತ ಮೊದಲು ವ್ಯಾನಿನಲ್ಲಿ ಕುಳಿತಿದ್ದರು.

ವಿಮಾನದ ಬಾಗಿಲು ದಾಟಿದ್ದೇ ತಡ, ನಮ್ಮವರು ಮಾಡಿದ ಕೆಲಸವನ್ನು ಭೂಮಿಯ ಮೇಲೆ ಬೇರೆ ಯಾವ ಪ್ರಯಾಣಿಕರೂ ಮಾಡಿರಲಾರರು. ಟಿಕೆಟ್ಟಿನ ನಂಬರನ್ನು ಯಾರೂ ನೋಡಲಿಲ್ಲ. ಒಂದೊಂದೇ ಸೀಟಿನ ಹಿಂದಿನ ಜೇಬು ಅಗಲಿಸಿ, ಬಗ್ಗಿ, ದಾರ ಹುಡುಕತೊಡಗಿದರು. ಅವರವರು ಹೊಲಿದ ಸೀಟು ಅವರವರದು! ಆಗಲೇ ಕುಳಿತಿದ್ದವರನ್ನೂ ಬಿಡಲಿಲ್ಲ.

"ಒಸಿ ಕಾಲು ತೆಗಿಯಪ್ಪ, ಗುರ್ತು ನೋಡ್ಬೇಕು."

"ಏಯ್, ಅಸ್ರು ದಾರ ಇಲ್ಲೈತೆ! ಇದು ನಂದು! ಏಳಿ ಸಾರ್, ಇದು ನಾನ್ ಒಲ್ದಿರೋದು!"

ಗಗನಸಖಿ ನಂಬರಿನ ಪ್ರಕಾರ ಕೂರಿ ಎಂದು ಮೂರು ಭಾಷೆಯಲ್ಲಿ ಬೇಡಿಕೊಂಡಳು. ಒಬ್ಬ ಕೋಟಿನವರು ದೂರು ಕೊಡುತ್ತೇನೆಂದು ಎದ್ದುನಿಂತರು. ಎದ್ದದ್ದೇ ತಪ್ಪಾಯಿತು, ಆ ಸೀಟಿನಲ್ಲಿ ಒಬ್ಬಾಕೆ ಕುಳಿತೇಬಿಟ್ಟಳು. ಗದ್ದಲ ಕೇಳಿ ಪ್ರಭಾಕರ್ ಒಳಗೆ ಬಂದರು. ಜೇಬಿನ ಅಂಚಿನ ಹಳದಿ ಕಚ್ಚು ನೋಡಿದರು. ಅವರ ಮುಖ!

"ಬಿಚ್ಚಿದ್ದೀವಿ ಅಂದ್ರಲ್ಲಮ್ಮ!"

"ಬಿಚ್ಚಿದ್ವಿ ಸಾ" ಎಂದರು ಕೆಂಪಮ್ಮ. "ಆಮ್ಯಾಕೆ ಮತ್ತೆ ಒಲ್ದೋ."

ಪ್ರಭಾಕರ್ ಬೈಯುತ್ತಾರೆಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು ಪ್ರಯಾಣಿಕರತ್ತ ತಿರುಗಿ, ಈ ಸೀಟುಗಳನ್ನು ಹೊಲಿದವರು ಇವರೇ, ದಯವಿಟ್ಟು ಸ್ವಲ್ಪ ಅದಲುಬದಲು ಮಾಡಿಕೊಳ್ಳಿ ಎಂದರು. ಒಬ್ಬರು ಮ‌ಲಯಾಳಿ ಹಿರಿಯರು ಚಪ್ಪಾಳೆ ತಟ್ಟಿದರು. ಕೋಟಿನವರೂ ಗೊಣಗುತ್ತ ಹಿಂದಕ್ಕೆ ಹೋದರು.

ಅಜ್ಜಿ ಹೊರಟಿತು. ಸ್ವಲ್ಪ ದೂರ ಉರುಳಿ ನಿಂತಿತು. ತಿರುಗಿತು. ಬಂದ ಜಾಗಕ್ಕೇ ವಾಪಸ್ ಬಂತು.

ಯಾವುದೋ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ದೀಪ ತೋರಿಸುತ್ತಿದೆಯಂತೆ. ಇನ್ನೊಂದು ವಿಮಾನ ಸಿದ್ಧವಿದೆ, ಇಳಿಯುವವರು ಇಳಿಯಬಹುದು ಎಂದರು. ಜನ ಪೆಟ್ಟಿಗೆ ಇಳಿಸಿಕೊಂಡು ಹೊರಟರು. ಪ್ರಭಾಕರ್ ನನ್ನ ಕಿವಿಯ ಹತ್ತಿರ, "ನಾಳೆ ನೋಡೋದಕ್ಕೆ ಬರ್ತಾರೆ. ಇವತ್ತು ಹಾರದಿದ್ರೆ ಮುಗೀತು" ಎಂದವರೇ ಮೆಟ್ಟಿಲಿಳಿದು ಓಡಿದರು. ನಮ್ಮವರೆಲ್ಲ ಕೆಂಪಮ್ಮನ ಕಡೆ ನೋಡಿದರು. ಕೆಂಪಮ್ಮ ಬೆಲ್ಟನ್ನು ಇನ್ನೊಂದು ಎಳೆತ ಎಳೆದು ಬಿಗಿದರು.

"ಬ್ಯಾರೆ ವಿಮಾನ ಇದ್ಯಂತೆ ಕೆಂಪಕ್ಕ, ಹೋಗಾನ್ವಾ?"

"ಬ್ಯಾರೇದ್ರಲ್ಲಿ ನಾನ್ಯಾಕ್ ಓಗ್ಲಿ? ನಮ್ಮಜ್ಜಿ ಇಲ್ಲೈತಲ್ಲ. ಕುಂತ್ಕಳ್ರಮ್ಮಿ."

ಯಾರೂ ಏಳಲಿಲ್ಲ. ನಾಗರಾಜಣ್ಣ ಕೂಡ. ಚಪ್ಪಾಳೆ ತಟ್ಟಿದ್ದ ಮಲಯಾಳಿ ಹಿರಿಯರೂ ಕೂತೇ ಇದ್ದರು. ತಂಪುಗಾಳಿ ನಿಂತು ಒಳಗೆ ಬೇಯುವಷ್ಟು ಸೆಕೆ. ತಿರುವಿ ಹೊಲಿದ ಬಟ್ಟೆಯಿಂದ ಬೆಚ್ಚಗೆ ಉಣ್ಣೆಯ ವಾಸನೆ ಏಳುತ್ತಿತ್ತು. ಹೊರಗೆ ಸುತ್ತಿಗೆಯ ಸದ್ದು, ಯಾರೋ ಕೂಗಿದ್ದು, ಮತ್ತೆ ಸದ್ದು. ಎಷ್ಟು ಹೊತ್ತೋ! ಕೊನೆಗೆ ಪ್ರಭಾಕರ್ ಮೆಟ್ಟಿಲು ಹತ್ತಿ ಬಂದರು. ಮೊಣಕೈವರೆಗೆ ಗ್ರೀಸು. ಹೆಬ್ಬೆರಳು ಮೇಲೆ!

ಇಷ್ಟು ಬರೆದು ಮುಂದಿನದನ್ನು ಉಸಿರು ಬಿಡದೆ ಬರೆದಿದ್ದೆ. ಹೀಗೆ: ಅಜ್ಜಿ ಏರುತ್ತದೆ, ಕೆಂಪಮ್ಮ ಕಿಟಕಿಯ ಗಾಜಿಗೆ ಹಣೆ ಒತ್ತಿದ್ದಾರೆ, ಕೆಳಗೆ ಹಾರೋಹಳ್ಳಿಯ ಶೀಟುಗಳು ಮಿಂಚಿ ಆ ಬೆಳಕು ಅವರ ಮುಖದ ಮೇಲೆ ಬೀಳುತ್ತದೆ. ಎಷ್ಟೋ ಜನಕ್ಕೆ ಇದನ್ನೇ ಹೇಳಿದ್ದೇನೆ. ಓದಿ ನೋಡಿದಾಗ ತೀರ ಚೆನ್ನಾಗಿದೆ ಅನ್ನಿಸಿತು. ಅನುಮಾನ ಬಂತು. ಫೋನ್ ಮಾಡಿದೆ.

"ಕಿಟಕೀನಾ?" ಕೆಂಪಮ್ಮ ನಕ್ಕ ನಗೆಗೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ನಂಗೆಲ್ಲಿತ್ತು ಸಾ ಕಿಟಕಿ? ನಾನ್ ಒಲ್ದ ಸೀಟು ಓಡಾಡೋ ದಾರಿ ಪಕ್ಕದ್ದು. ಕಿಟಕೀಗೆ ಮೂತಿ ಅಂಟಿಸ್ಕಂಡು ಕುಂತಿದ್ದೋರು ನೀವು!"

ಹೌದು. ಕಿಟಕಿಯಲ್ಲಿದ್ದವನು ನಾನು. ನನ್ನ ಮುಖದ ಬೆಳಕನ್ನು ಇಷ್ಟು ವರ್ಷ ಅವರ ಮುಖಕ್ಕೆ ಬಳಿಯುತ್ತ ಬಂದಿದ್ದೆ.

ಮರುದಿನ ನೋಡಲು ಬಂದವರು ಅಜ್ಜಿಯನ್ನು ಹಾರುವ ವಿಮಾನಗಳ ಸಾಲಿಗೆ ಸೇರಿಸಿದರು. ಕಂಪನಿ ಕೈಬದಲಾದ ಮೇಲೂ ಅದು ಕೆಲಕಾಲ ಹಾರಿತು. ಆಮೇಲೇನಾಯಿತು ಎಂದು ನನಗೆ ಗೊತ್ತಿಲ್ಲ. ಇನ್ನು ಆ ಕೊನೆಯದನ್ನು ಹೊಡೆದುಹಾಕಿ ಸರಿಯಾಗಿ ಬರೆಯುತ್ತೇನೆ.

ಅಜ್ಜಿ ಓಡಿತು. ಮೈಯೆಲ್ಲ ಗಡಗಡ ನಡುಗಿತು, ಮೇಲಿನ ಮುಚ್ಚಳವೊಂದು ತಾನಾಗಿ ತೆರೆದುಕೊಂಡಿತು. ಇನ್ನೂ ಓಡಿತು, ಇನ್ನೂ, ಮತ್ತೆ ಇದ್ದಕ್ಕಿದ್ದಂತೆ ನಡುಕವೇ ಇಲ್ಲ! ನೆಲ ಕೈಬಿಟ್ಟಿತ್ತು. ರತ್ನ ಕೂಗಿದಳು, ಎಲ್ಲರೂ ಕೂಗಿದರು, ನಾಗರಾಜಣ್ಣ ಪಂಚೆ ಹಿಡಿದುಕೊಂಡು ಯಾವ ದೇವರೆಂದು ತೋಚದೆ ಎಲ್ಲ ದೇವರನ್ನೂ ಕೂಗಿದರು. ಬೆಂಗಳೂರು ಸರಿದುಹೋಯಿತು. ಬಂಡೆಗಳು ಬಂದವು, ಕೆರೆ ಬಂತು, ರೇಷ್ಮೆ ತೋಟದ ಹಸಿರು ಚೌಕಗಳು ಬಂದವು.

ಕೆಂಪಮ್ಮನ ಪಕ್ಕದ ಕಿಟಕಿಯಲ್ಲಿದ್ದ ಆ ಮಲಯಾಳಿ ಹಿರಿಯರು ಕೈಸನ್ನೆ ಮಾಡಿ, ಬನ್ನಿ, ಇಲ್ಲಿ ಕೂತು ನೋಡಿ ಎನ್ನುತ್ತ ಬೆಲ್ಟು ಬಿಚ್ಚಲು ಹೊರಟಿದ್ದರು. ಕೆಂಪಮ್ಮ ಬೇಡವೆಂದು ತಲೆಯಾಡಿಸಿದರು. ಬೆನ್ನು ನೆಟ್ಟಗೆ, ಎರಡೂ ಅಂಗೈ ತೊಡೆಯ ಪಕ್ಕದ ಬಟ್ಟೆಯ ಮೇಲೆ ಚಪ್ಪಟೆ, ಕಣ್ಣು ಮುಚ್ಚಿದೆ.

"ಕೆಂಪಮ್ಮ, ಹಾರೋಹಳ್ಳಿ! ನಮ್ಮ ಶೆಡ್ಡು! ಬನ್ನಿ, ಬೇಗ ಬನ್ನಿ, ಹೋಗಿಬಿಡುತ್ತೆ!" ನಾನು ನನ್ನ ಕಿಟಕಿಯಿಂದ ಸಾಲು ದಾಟಿ ಕೇಳುವಂತೆ ಅರಚುತ್ತಿದ್ದೆ.

ಅವರು ಕಣ್ಣು ಬಿಡಲಿಲ್ಲ.

"ನೀವ್ ನೋಡ್ಕಳಿ ಸಾ, ಆರೋಳ್ಳಿ ದಿನಾ ನೋಡೋದೇಯ. ನಾನು ಹಾರ್ತಾ ಇವ್ನಿ, ಒಸಿ ಸುಮ್ಕಿರಿ."